ಹೊಡಿಬಡಿ ಎಂಬ ನನ್ನ ಭಾವಮೈದುನ

ನಮ್ಮ ಬೀದಿಯಲ್ಲಿ ‘ಹೊಡಿಬಡಿ’ ಎಂಬ ಪದಕ್ಕೆ ಇರುವಷ್ಟು ಕೆಲಸ ಬೇರೆ ಯಾವ ಪದಕ್ಕೂ ಇಲ್ಲ. ಮೈದಾನದಲ್ಲಿ ಬಂದ ಚೆಂಡನ್ನೆಲ್ಲ ಬೇಲಿ ದಾಟಿಸುವವನು ಹೊಡಿಬಡಿ ಆಟಗಾರ. ನಾಯಕ ಐದು ನಿಮಿಷಕ್ಕೊಮ್ಮೆ ಯಾರನ್ನಾದರೂ ಎತ್ತಿ ಗೋಡೆಗೆ ಎಸೆದರೆ ಅದು ಹೊಡಿಬಡಿ ಸಿನಿಮಾ. ಮೇಜು ಗುದ್ದಿ ವಾದ ಮಾಡುವವರು ಹೊಡಿಬಡಿ ವಕೀಲರು. ನೋಂದಣಿ ಕಚೇರಿಯ ಎದುರು ಕೂರುತ್ತಿದ್ದ ಟೈಪಿಸ್ಟ್ ಹೆಂಗಸು ಕೀಲಿಗಳನ್ನು ಎಷ್ಟು ಜೋರಾಗಿ ಕುಟ್ಟುತ್ತಿದ್ದಳೆಂದರೆ ಆರನೆಯ ಕಾರ್ಬನ್ ಪ್ರತಿಯೂ ಮೊದಲನೆಯದರಷ್ಟೇ ಕಪ್ಪಗೆ ಬರುತ್ತಿತ್ತು. ಜನ ಉಳಿದ ಟೈಪಿಸ್ಟರನ್ನು ಬಿಟ್ಟು ಅವಳ ಮುಂದೆ ಸಾಲು ನಿಲ್ಲುತ್ತಿದ್ದರು. ಅವಳೂ ಹೊಡಿಬಡಿಯೇ. ಕೊಂಡ ದಿನವೇ ಆಟಿಕೆ ಮುರಿಯುವ ಮಗು, ಮುಖ ಮೋರೆ ನೋಡದೆ ಮಾತಾಡುವ ಅತ್ತೆ, ಎಲ್ಲರಿಗೂ ಅದೇ ಪದ. ಹೊಗಳಿಕೆಯೋ ಬೈಗುಳವೋ ಎಂಬುದು ಹೇಳುವವರ ಮುಖ ನೋಡಿದರೆ ಗೊತ್ತಾಗುತ್ತದೆ.

ಆದರೆ ಹಿಂದೆ ಮುಂದೆ ಏನೂ ಸೇರಿಸದೆ ಬರೀ ‘ಹೊಡಿಬಡಿ’ ಎಂದರೆ ನಮ್ಮಲ್ಲಿ ಒಬ್ಬನೇ, ನನ್ನ ಹೆಂಡತಿಯ ತಮ್ಮ. ಆ ಹೆಸರು ಇಟ್ಟವನು ನಾನು. ಆ ಹೆಸರನ್ನು ಕೆಡಿಸಿದವನೂ ನಾನೇ. ಇಟ್ಟದ್ದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದೆ, ಕೆಡಿಸಿದ್ದರ ಬಗ್ಗೆ ಹನ್ನೆರಡು ವರ್ಷ ತುಟಿ ಪಿಟಕ್ಕೆನ್ನಲಿಲ್ಲ. ಕಬ್ಬಿಣ ಬಡಿದ ಕೈ ಇದು, ಅಕ್ಷರ ಅಂಕುಡೊಂಕು. ಆದರೂ ಬರೆಯುತ್ತೇನೆ, ಬಾಯಲ್ಲಿ ಹೇಳಲು ಹೋದರೆ ಈಗಲೂ ನನ್ನ ಕಡೆಗೇ ವಾಲಿಸಿಕೊಂಡು ಹೇಳುವ ಚಾಳಿ ಬಿಟ್ಟಿಲ್ಲ.

ಅವನು ನಮ್ಮ ಮನೆಗೆ ಬಂದಾಗ ಅವನಿಗೆ ಇಪ್ಪತ್ತೆರಡು. ಮಾವ ತೀರಿಕೊಂಡಿದ್ದರು, ಒಬ್ಬನೇ ಅಲ್ಲಿ ಏನು ಮಾಡುತ್ತಾನೆ, ಇಲ್ಲೇ ಇರಲಿ ಎಂದು ಹೆಂಡತಿ ಹೇಳಿದಳು. ನನಗೂ ಕುಲುಮೆಯಲ್ಲಿ ಸಮ್ಮಟಿಗೆ ಎತ್ತಲು ಒಬ್ಬ ಬೇಕಾಗಿತ್ತು. ಇದ್ದವನು ಸೊಂಟ ಹಿಡಿದುಕೊಂಡು ಮನೆ ಸೇರಿದ್ದ. ಭಾವಮೈದುನ ಬಾಗಿಲಲ್ಲಿ ಬಗ್ಗಿ ಒಳಗೆ ಬಂದ. ಭುಜ ಅಡ್ಡ ತಿರುಗಿಸಿದ. ಅಕ್ಕ ಕೊಟ್ಟ ಕಾಫಿ ಲೋಟವನ್ನು ಎರಡು ಬೆರಳಲ್ಲಿ ಹಿಡಿದು, ಒಡೆದೀತೆಂಬ ಭಯದಲ್ಲಿ ಕುಡಿದ. ಅದು ಸ್ಟೀಲ್ ಲೋಟ.

ಮೊದಲ ವಾರವೇ ಒಂದು ಲಾರಿ ಬಂತು. ಚಕ್ರದ ಹತ್ತಿರದ ಒಂದು ಪಿನ್ನು ತುಕ್ಕು ಹಿಡಿದು ಕೂತುಬಿಟ್ಟಿತ್ತು. ಗ್ಯಾರೇಜಿನ ಮೂವರು ಅರ್ಧ ದಿನ ಬಡಿದು ಕೈಚೆಲ್ಲಿದ್ದರು. ಇವನು ಸಮ್ಮಟಿಗೆ ಹಿಡಿದು ನನ್ನನ್ನು ನೋಡಿ, ಎಲ್ಲಿಗೆ ಎಂದು ಕೇಳಿದ. ಸೀಮೆಸುಣ್ಣದಲ್ಲಿ ಒಂದು ಚುಕ್ಕೆ ಇಟ್ಟೆ. ಒಂದೇ ಏಟು. ಪಿನ್ನು ಹಾರಿಹೋಗಿ ಎದುರುಮನೆಯ ನೀರಿನ ಡಬ್ಬಿಗೆ ತೂತು ಮಾಡಿತು. ನಾನು ಲಾರಿಯವನಿಗೆ ಕೇಳಿಸಲೆಂದೇ ಗಟ್ಟಿಯಾಗಿ, “ಇವನು ಹೊಡಿಬಡಿ ಕಣ್ರಯ್ಯಾ” ಅಂದೆ. ಸಂಜೆಯೊಳಗೆ ಅದು ಬೀದಿಯ ಆ ತುದಿ ಮುಟ್ಟಿತ್ತು. ಸೀಮೆಸುಣ್ಣದ ಚುಕ್ಕೆಯ ವಿಚಾರ ಯಾರಿಗೂ ಮುಟ್ಟಲಿಲ್ಲ.

ನಮ್ಮ ಕೆಲಸ ಗೊತ್ತಿಲ್ಲದವರಿಗೆ ಒಂದು ಸಂಗತಿ ಹೇಳಬೇಕು. ಕುಲುಮೆಯಲ್ಲಿ ಯಜಮಾನ ಹೆಚ್ಚು ಹೊಡೆಯುವುದಿಲ್ಲ. ಎಡಗೈಯಲ್ಲಿ ಇಕ್ಕಳದಿಂದ ಕಾದ ಕಬ್ಬಿಣ ಹಿಡಿದಿರುತ್ತಾನೆ, ಬಲಗೈಯಲ್ಲಿ ಸಣ್ಣ ಸುತ್ತಿಗೆ. ಎದುರಿಗೆ ಸಮ್ಮಟಿಗೆಯವನು. ಆ ಗದ್ದಲದಲ್ಲಿ ಬಾಯಿಮಾತು ಕೇಳುವುದಿಲ್ಲ, ಸಣ್ಣ ಸುತ್ತಿಗೆಯೇ ಮಾತು. ಕಬ್ಬಿಣದ ಮೇಲೆ ನಾನು ಎಲ್ಲಿ ತಟ್ಟುತ್ತೇನೋ ಅಲ್ಲಿಗೆ ಸಮ್ಮಟಿಗೆ ಬೀಳಬೇಕು. ಮೆಲ್ಲಗೆ ತಟ್ಟಿದರೆ ಮೆಲ್ಲಗೆ, ಬಿಗಿಯಾಗಿ ತಟ್ಟಿದರೆ ಬಿಗಿಯಾಗಿ. ಕಬ್ಬಿಣವನ್ನು ಬಿಟ್ಟು, ಅದನ್ನು ಇಟ್ಟು ಬಡಿಯುವ ಅಡಿಗಲ್ಲನ್ನೇ ಎರಡು ಸಲ ತಟ್ಟಿದರೆ, ಸಾಕು, ನಿಲ್ಲಿಸು ಎಂದರ್ಥ. ಸಮ್ಮಟಿಗೆಯವನು ಯೋಚಿಸಬಾರದು. ಯೋಚಿಸುತ್ತ ನಿಂತರೆ ಕಬ್ಬಿಣ ಆರಿಹೋಗುತ್ತದೆ.

ಇದನ್ನು ಹೊಡಿಬಡಿ ಕಲಿತಷ್ಟು ಬೇಗ ಯಾರೂ ಕಲಿತಿರಲಿಲ್ಲ. ಅವನು ನನ್ನ ಮುಖ ನೋಡುತ್ತಿರಲಿಲ್ಲ, ಬೀದಿ ನೋಡುತ್ತಿರಲಿಲ್ಲ. ಕಿವಿ ಸುತ್ತಿಗೆಯ ಮೇಲೆ, ಕಣ್ಣು ತಟ್ಟಿದ ಜಾಗದ ಮೇಲೆ. ಒಮ್ಮೆ ನಾನು ಬೇಕೆಂದೇ ಒಂದು ಗುದ್ದಲಿಯ ಅಂಚಿಗೆ ಅತಿ ಮೆಲ್ಲಗೆ ತಟ್ಟಿದೆ. ಆ ಹತ್ತು ಸೇರಿನ ಸಮ್ಮಟಿಗೆ ಬಂದು, ಮಗುವಿನ ಕೆನ್ನೆ ಮುಟ್ಟಿದ ಹಾಗೆ ಮುಟ್ಟಿ, ಹಿಂದಕ್ಕೆ ಹೋಯಿತು. ಆ ದಿನ ನನಗೆ ಗೊತ್ತಾಗಬೇಕಿತ್ತು, ಈ ಹುಡುಗನ ಹೆಸರು ಹೊಡಿಬಡಿ ಅಲ್ಲವೆಂದು. ಗೊತ್ತಾಯಿತು ಕೂಡ. ಆದರೆ ಗಿರಾಕಿಗಳ ಮುಂದೆ ಹೊಡಿಬಡಿ ಎಂದು ಕೂಗುವುದರಲ್ಲಿ ಒಂದು ಗತ್ತು ಇತ್ತಲ್ಲ, ಅದನ್ನು ಬಿಡಲು ಮನಸ್ಸಾಗಲಿಲ್ಲ.

ಮನೆಯಲ್ಲಿ ಅವನು ಸೊಳ್ಳೆ ಕೂತರೆ ಬಡಿಯುತ್ತಿರಲಿಲ್ಲ, ಊದುತ್ತಿದ್ದ. ಬಾಗಿಲು ಹಾಕಿದರೆ ಸದ್ದಾಗುತ್ತಿರಲಿಲ್ಲ. ಎಷ್ಟೋ ಸಲ ಅವನು ಒಳಗೆ ಬಂದದ್ದು ತಿಳಿಯದೆ ಅವನಕ್ಕ ಬೆಚ್ಚಿಬಿದ್ದು, “ಕೆಮ್ಮಾದ್ರೂ ಕೆಮ್ಮಬಾರದಾ” ಎಂದು ಬೈದದ್ದುಂಟು.

ಎರಡನೆಯ ವರ್ಷ ಅವನು ಕ್ರಿಕೆಟ್ಟಿಗೆ ಸಿಕ್ಕಿಬಿದ್ದ. ಬೀದಿಯ ತಂಡದ ನಾಯಕ ನಮ್ಮ ಸಲೂನಿನವನು. ಬಾಯಿ ಜೋರು, ಕೈ ಮೆದು. ಒಂದು ಭಾನುವಾರ ಆಟಗಾರನೊಬ್ಬ ಬರಲಿಲ್ಲವೆಂದು ಇವನನ್ನು ಎಳೆದುಕೊಂಡು ಹೋದ. ಮೂರನೆಯ ಚೆಂಡು ಶಾಲೆಯ ಹೆಂಚಿನ ಮೇಲೆ, ನಾಲ್ಕನೆಯದು ಎಲ್ಲಿ ಹೋಯಿತೆಂದು ಇವತ್ತಿಗೂ ಗೊತ್ತಿಲ್ಲ. ಹೊಡೆದ ಮೇಲೆ ಓಡಬೇಕೆಂಬುದು ಅವನಿಗೆ ನೆನಪೇ ಆಗುತ್ತಿರಲಿಲ್ಲ, ಬ್ಯಾಟು ನೆಲಕ್ಕೆ ಊರಿ ನಿಂತುಬಿಡುತ್ತಿದ್ದ. ಜನಕ್ಕೆ ಅದೂ ಇಷ್ಟವಾಯಿತು. ಅಂದಿನಿಂದ ವಿಕೆಟ್ ಬಿದ್ದರೆ ಸಾಕು, ಇಡೀ ಮೈದಾನ “ಹೊಡಿಬಡಿ, ಹೊಡಿಬಡಿ” ಎಂದು ಕುಣಿಯುತ್ತಿತ್ತು. ನಾನು ಮುಂದಿನ ಸಾಲಿನಲ್ಲಿ ಕೂತು, ನಮ್ಮ ಭಾವಮೈದುನ ಎಂದು ಆಚೀಚೆಯವರಿಗೆಲ್ಲ ಹೇಳುತ್ತಿದ್ದೆ.

ಅವನಿಗೆ ಆ ಆಟ ಇಷ್ಟವಿರಲಿಲ್ಲ. ಒಂದು ದಿನ ಮನೆಗೆ ನಡೆದು ಬರುವಾಗ ಹೇಳಿದ, “ಚೆಂಡು ಬಂದಾಗ ಎಲ್ಲಿಗೆ ಹೊಡೀಬೇಕು ಅಂತ ಯಾರೂ ತಟ್ಟಿ ತೋರ್ಸಲ್ಲ ಭಾವ. ನಂಗೆ ಗಾಬರಿ ಆಗತ್ತೆ.” ನಾನು ನಕ್ಕುಬಿಟ್ಟೆ. ಅದನ್ನೂ ಸಲೂನಿಗೆ ಹೋಗಿ ಹೇಳಿ ಎಲ್ಲರನ್ನೂ ನಗಿಸಿದೆ.

ಇದರ ನಡುವೆ ಎರಡು ಬೀದಿ ಆಚೆಯ ಟೈಲರಮ್ಮನ ಮಗಳು ಕುಲುಮೆಗೆ ಬರತೊಡಗಿದಳು. ತಾಯಿ ಮಗಳು ಇಬ್ಬರೇ, ಎರಡು ಹೊಲಿಗೆ ಮಿಷನ್ನು, ಬಟ್ಟೆ ಕತ್ತರಿಸುವ ಒಂದು ಉದ್ದನೆಯ ಮೇಜು. ಮಗಳು ಪ್ರತಿ ಶನಿವಾರ ಕತ್ತರಿ ಸಾಣೆ ಹಿಡಿಸಲು ತರುತ್ತಿದ್ದಳು. ವಾರಕ್ಕೊಮ್ಮೆ ಕತ್ತರಿ ಮೊಂಡಾಗಬೇಕಾದರೆ ಇವಳು ತಗಡು ಕತ್ತರಿಸುತ್ತಿರಬೇಕು ಎಂದು ನಾನು ಹೆಂಡತಿಗೆ ಹೇಳಿದೆ. ಅವಳು, ನಿಮಗೆ ಈಗ ಗೊತ್ತಾಯ್ತಾ ಎಂದಳು. ಹೊಡಿಬಡಿ ಸಾಣೆ ಹಿಡಿದು, ಒಂದು ಚೂರು ಬಟ್ಟೆ ಕತ್ತರಿಸಿ ನೋಡಿ, ಹಿಡಿಕೆ ಅವಳ ಕಡೆ ಮಾಡಿ ಕೊಡುತ್ತಿದ್ದ. ಆ ಚೂರು ಬಟ್ಟೆಗಳನ್ನು ಅವನು ಎಸೆಯುತ್ತಿರಲಿಲ್ಲವೆಂದು ಅವನ ಹಾಸಿಗೆ ಝಾಡಿಸುವಾಗ ಅಕ್ಕನಿಗೆ ತಿಳಿಯಿತು. ಎರಡೂ ಮನೆಯಲ್ಲಿ ಮಾತು ನಡೆಯಿತು. ಬೇಸಿಗೆ ಕಳೆದ ಮೇಲೆ ಮದುವೆ ಎಂದಾಯಿತು. ಹಾಗೆ ನಗುವ ಹೊಡಿಬಡಿಯನ್ನು ನಾವು ಅದುವರೆಗೆ ನೋಡಿರಲಿಲ್ಲ.

ಇನ್ನು ಆ ದಿನದ್ದು. ಇದನ್ನು ಸುತ್ತಿ ಬಳಸಿ ಹೇಳುವುದಿಲ್ಲ.

ಒಂದು ಹಾರೆಗೆ ಮೊನೆ ಮಾಡುತ್ತಿದ್ದೆವು. ಕೆಲಸ ಹೆಚ್ಚುಕಡಿಮೆ ಮುಗಿದಿತ್ತು, ಕಬ್ಬಿಣ ಕಪ್ಪಾಗುತ್ತ ಬಂದಿತ್ತು. ಅಷ್ಟರಲ್ಲಿ ಸಲೂನಿನವನು ಪಕ್ಕದ ಬಡಾವಣೆಯ ತಂಡದ ಇಬ್ಬರನ್ನು ಕರೆದುಕೊಂಡು ಬಂದ, ನಮ್ಮ ಹೊಡಿಬಡಿಯನ್ನು ತೋರಿಸಲು. ಮುಂದಿನ ಭಾನುವಾರ ಅವರ ಜೊತೆ ಪಂದ್ಯವಿತ್ತು. ನನಗೆ ಎಲ್ಲಿಲ್ಲದ ಹುರುಪು. ನಿಲ್ಲಿಸು ಎಂದು ಅಡಿಗಲ್ಲು ತಟ್ಟಲಿಲ್ಲ. ಇಕ್ಕಳ ಬಿಟ್ಟೆ. ಅಂಗಡಿಯ ಗಲ್ಲಾಪೆಟ್ಟಿಗೆಗೆ ಒರಗುವ ಹಾಗೆ ಎಡಗೈಯನ್ನು ಅಡಿಗಲ್ಲಿನ ಅಂಚಿಗೆ ಊರಿದೆ. ಹೋದ ವಾರದ ಸಿಕ್ಸರ್‌ನ ಕಥೆ ಶುರುಮಾಡಿದೆ. ಚೆಂಡು ಬಂತು, ಇವನು ಬ್ಯಾಟು ಎತ್ತಿದ, ಆಮೇಲೆ ಬಂದ ಸದ್ದು ಎಂಥದ್ದು ಗೊತ್ತೇ ಎಂದು ಹೇಳಿ, ಆ ಸದ್ದನ್ನು ತೋರಿಸಲು, ಬಲಗೈಯ ಸಣ್ಣ ಸುತ್ತಿಗೆಯಿಂದ, ಊರಿದ ಎಡಗೈಯ ಪಕ್ಕದಲ್ಲೇ, ಕಬ್ಬಿಣದ ಮೇಲೆ ಬಿಗಿಯಾಗಿ ಒಂದು ಸಲ ತಟ್ಟಿದೆ.

ಅವನು ಕಥೆ ಕೇಳುತ್ತಿರಲಿಲ್ಲ. ಅವನು ಸುತ್ತಿಗೆ ಕೇಳುತ್ತಿದ್ದ.

ಸಮ್ಮಟಿಗೆ ಇಳಿಯುವಾಗ ಅವನಿಗೆ ನನ್ನ ಕೈ ಕಂಡಿತು. ಅರ್ಧ ದಾರಿಯಲ್ಲಿ ಅದನ್ನು ಪಕ್ಕಕ್ಕೆ ತಿರುಚಿದ. ಹಾಗೆ ತಿರುಚಿದ್ದಕ್ಕೆ ಅವನ ಭುಜದ ಕೀಲು ಸರಿಯಿತು, ನನ್ನ ಅಂಗೈ ಉಳಿಯಿತು. ತೋರುಬೆರಳು, ನಡುಬೆರಳು ಎರಡು ಹೋದವು. ಬೇರೆ ಯಾರೇ ಆಗಿದ್ದರೂ ಮಣಿಕಟ್ಟಿನವರೆಗೆ ಹೋಗುತ್ತಿತ್ತು. ಇದನ್ನು ನಾನು ಅವತ್ತು ಹೇಳಬೇಕಾಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತೆಂದು ಕೇಳಿದರು. ಸಲೂನಿನವನು ಮುಂದೆ ಬಿದ್ದು, ಹೊಡಿಬಡಿಯ ಗುರಿ ತಪ್ಪಿತು ಎಂದ. ಅವನಿಗೆ ನಮ್ಮ ಸುತ್ತಿಗೆಯ ಭಾಷೆ ಏನು ಗೊತ್ತು? ಕಂಡದ್ದನ್ನು ಹೇಳಿದ. ಗೊತ್ತಿದ್ದವನು ನಾನು. ನೋವಿತ್ತು, ನಿಜ. ಆದರೆ ಬಾಯಿ ಕಟ್ಟಿದ್ದು ನೋವಲ್ಲ. ಮೂವತ್ತು ವರ್ಷ ಕುಲುಮೆ ನಡೆಸಿದವನು ಹರಟೆ ಹೊಡೆಯುತ್ತ ಕಬ್ಬಿಣ ತಟ್ಟಿದ ಎಂದು ಜನ ಆಡಿಕೊಂಡರೆ ಎಂಬ ನಾಚಿಕೆ. ಆ ನಾಚಿಕೆಗೆ ನಾನು ಕಣ್ಣು ಮುಚ್ಚಿಕೊಂಡೆ. ಎಲ್ಲರೂ ಅದನ್ನು ಸಂಕಟವೆಂದೇ ತಿಳಿದರು.

ವರಾಂಡದಲ್ಲಿ ನನ್ನ ಹೆಂಡತಿ ತಮ್ಮನ ಕೆನ್ನೆಗೆ ಹೊಡೆದಳು. ಸದ್ದು ನನಗೆ ಒಳಗೆ ಕೇಳಿಸಿತು. ಅವನು, “ನಂದೇ ತಪ್ಪು ಅಕ್ಕ” ಅಂದದ್ದೂ ಕೇಳಿಸಿತು. ಆಗಲೂ ನಾನು ಕಣ್ಣು ತೆರೆಯಲಿಲ್ಲ.

ಅಲ್ಲಿಂದ ಆ ಪದ ಮಗ್ಗುಲು ಬದಲಾಯಿಸಿತು. ಹೆಸರು ಅದೇ, ಹೇಳುವ ಮುಖ ಬೇರೆ. ಹೊಡಿಬಡಿ, ಸ್ವಂತ ಭಾವನ ಕೈಯನ್ನೇ ಜಜ್ಜಿದವನು. ಹೊಡಿಬಡಿ, ಹತ್ತಿರ ಹೋಗಬೇಡಿ. ತಂಡದವರು ಆಡಲು ಕರೆಯಲಿಲ್ಲ. ಮೈದಾನದ ಪಕ್ಕ ಅವನು ನಡೆದು ಹೋದರೆ ತಾಯಂದಿರು ಮಕ್ಕಳನ್ನು ಒಳಗೆ ಕರೆಯುತ್ತಿದ್ದರು. ಹಿಂದೆ ಅದೇ ಮಕ್ಕಳನ್ನು ಅವನ ತೋಳಿಗೆ ಜೋತು ಬೀಳಿಸಿ ನಗುತ್ತಿದ್ದವರು ಅವರು.

ಹನ್ನೆರಡನೆಯ ದಿನ ಟೈಲರಮ್ಮ ಕಿತ್ತಳೆ ಹಣ್ಣು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಹೆಂಡತಿ ಅಡುಗೆಮನೆಯಲ್ಲಿದ್ದಳು. ಹೊಡಿಬಡಿ ಹಿತ್ತಲಿನಲ್ಲಿ ಡ್ರಮ್ಮಿಗೆ ನೀರು ಬಿಟ್ಟುಕೊಂಡು ನಿಂತಿದ್ದ, ಅವನ ಬಲಗೈ ಕೊರಳಿಗೆ ಕಟ್ಟಿತ್ತು. ಆಕೆ ಕುರ್ಚಿಯ ತುದಿಯಲ್ಲಿ ಕೂತು ನನ್ನ ಕೈಯ ಬ್ಯಾಂಡೇಜನ್ನು ಸ್ವಲ್ಪ ಹೊತ್ತು ನೋಡಿದರು.

“ಒಂದು ಮಾತು ಕೇಳ್ಕೊಂಡು ಹೋಗೋಣ ಅಂತ ಬಂದೆ” ಅಂದರು. “ಜನ ಏನೇನೋ ಹೇಳ್ತಾರೆ. ಮಗಳು ಮಾತ್ರ, ಅವನನ್ನೇ ಮದುವೆ ಆಗೋದು ಅಂತಾಳೆ. ನನಗಿರೋದು ಅವಳೊಬ್ಬಳು. ನೀವು ಏಳು ವರ್ಷ ಅವನ ಎದುರಿಗೆ ನಿಂತೋರು. ಅವನು ಎಂಥವನು ಅಂತ ನಿಮಗಿಂತ ಯಾರಿಗೆ ಗೊತ್ತು? ಕೊಡಬಹುದಾ?”

ಒಂದೇ ಪದ ಸಾಕಾಗಿತ್ತು. ಕೊಡಿ ಎಂದರೆ ಮುಗಿಯುತ್ತಿತ್ತು. ಆದರೆ ಕೊಡಿ ಅಂದರೆ ಯಾಕೆ ಅಂತ ಕೇಳುತ್ತಾರೆ, ಯಾಕೆ ಎಂಬುದಕ್ಕೆ ಸುತ್ತಿಗೆಯ ಕಥೆ ಹೇಳಬೇಕಾಗುತ್ತದೆ. ನಾನು ಬ್ಯಾಂಡೇಜಿನ ಕೈಯನ್ನು ತೊಡೆಯ ಮೇಲೆ ಸ್ವಲ್ಪ ಮುಂದಕ್ಕೆ ಸರಿಸಿದೆ.

“ನೋಡ್ತಾ ಇದೀರಲ್ಲಮ್ಮ” ಅಂದೆ.

ಸುಳ್ಳು ಹೇಳಿದೆನೇ? ಇಲ್ಲ. ಅದೇ ನನ್ನ ಜಾಣತನ. ಎಷ್ಟೋ ವರ್ಷ ಈ ಒಂದು ಸಮಜಾಯಿಷಿ ಹಿಡಿದುಕೊಂಡು ನಿದ್ದೆ ಮಾಡಿದೆ. ಆಕೆ ತಲೆಯಾಡಿಸಿ, ಹಣ್ಣು ಮೇಜಿನ ಮೇಲಿಟ್ಟು ಎದ್ದು ಹೋದರು. ಹಿತ್ತಲಿನಲ್ಲಿ ಡ್ರಮ್ಮು ತುಂಬಿ ನೀರು ಕಲ್ಲಿನ ಮೇಲೆ ಹರಿಯುತ್ತಿತ್ತು. ಅವನು ಪಕ್ಕದಲ್ಲೇ ನಿಂತಿದ್ದರೂ ನಲ್ಲಿ ನಿಲ್ಲಿಸಲಿಲ್ಲ. ಕೊನೆಗೆ ಅವನಕ್ಕ ಬಂದು ನಿಲ್ಲಿಸಿದಳು.

ಮದುವೆ ಮುರಿಯಿತು, ಟೈಲರಮ್ಮ ಮಗಳನ್ನು ಬೇರೆ ಕಡೆ ಕೊಟ್ಟರು. ಭುಜ ಕೂಡಿದ ಮೇಲೆ ಹೊಡಿಬಡಿ ಊರಿನ ಆ ತುದಿಯಲ್ಲಿ ಒಂದು ಕೋಣೆ ಹಿಡಿದು ಗಾಜಿನ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಸೇರಿಸಿಕೊಂಡವರಿಗೆ ಅವನ ಹೆಸರು ಗೊತ್ತಿರಲಿಲ್ಲ. ಗೊತ್ತಾದ ದಿನ ಅಂಗಡಿಯ ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ, ಹೊಡಿಬಡಿಗೆ ಸಿಕ್ಕ ಕೆಲಸ ನೋಡು ಅಂತ. ಆಳೆತ್ತರದ ಕನ್ನಡಿಗಳನ್ನು ಹೊತ್ತು ಮೂರು ಮಹಡಿ ಹತ್ತುತ್ತಾನೆ, ಇವತ್ತಿನವರೆಗೆ ಒಂದು ಬಿರುಕು ಬಂದಿಲ್ಲ. ನಾನು ಕುಲುಮೆ ಆರಿಸಿ, ವೆಲ್ಡಿಂಗ್ ಹಾಕಿಕೊಂಡು ಗೇಟು, ಕಿಟಕಿಯ ಗ್ರಿಲ್ಲು ಮಾಡುತ್ತ ಕೂತೆ. ಮೂರು ಬೆರಳಿಗೆ ಅಷ್ಟು ಸಾಕು. ಅಡಿಗಲ್ಲಿನ ಮೇಲೆ ಬಣ್ಣದ ಡಬ್ಬಿಗಳನ್ನು ಇಟ್ಟೆ.

ತಿಂಗಳಿಗೊಮ್ಮೆ ಭಾನುವಾರ ಅವನು ಅಕ್ಕನನ್ನು ನೋಡಲು ಬರುತ್ತಿದ್ದ. ಬಾಗಿಲ ಹತ್ತಿರವೇ ಕೂರುತ್ತಿದ್ದ. ಮದುವೆಯ ಮಾತೆತ್ತಿದರೆ ಎದ್ದು ಚಪ್ಪಲಿ ಹುಡುಕುತ್ತಿದ್ದ. ನನ್ನನ್ನು ಮೊದಲಿನ ಹಾಗೆಯೇ ಭಾವ ಎಂದೇ ಕರೆದ, ಮೊದಲಿನ ಹಾಗೆಯೇ ಕೈ ನೋವು ಹೇಗಿದೆ ಎಂದು ಕೇಳಿದ. ಒಂದು ಸಲ ಬೈದಿದ್ದರೆ, ಕಾಲರ್ ಹಿಡಿದಿದ್ದರೆ ನನಗೆ ಉಸಿರಾಡಲು ಸುಲಭವಾಗುತ್ತಿತ್ತು. ಅವನು ಬಂದು ಹೋದ ಭಾನುವಾರಗಳಲ್ಲಿ ನನಗೆ ಊಟ ಸೇರುತ್ತಿರಲಿಲ್ಲ.

ಹನ್ನೆರಡು ವರ್ಷ ಹೀಗೆಯೇ ಹೋಯಿತು. ಹೋದ ತಿಂಗಳು ಟೈಲರಮ್ಮ ನನ್ನ ಅಂಗಡಿಗೆ ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಚೀಲದಿಂದ ರಟ್ಟಿನಲ್ಲಿ ಕತ್ತರಿಸಿದ ಒಂದು ಕತ್ತರಿಯ ಆಕಾರ ತೆಗೆದು ಮೇಜಿನ ಮೇಲಿಟ್ಟರು. ಎಡಗೈಯಲ್ಲಿ ಹಿಡಿಯುವ ಕತ್ತರಿ ಬೇಕು, ಪೇಟೆಯಲ್ಲಿ ಸಿಗುವುದೆಲ್ಲ ಬಲಗೈಯದು ಅಂದರು. ಬಲಗೈಯ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಅಲಗು ಅಡ್ಡ ಬಂದು ಗೆರೆ ಕಾಣುವುದಿಲ್ಲ, ಬಟ್ಟೆ ಕತ್ತರಿಸದೆ ಮಡಚಿಕೊಳ್ಳುತ್ತದೆ. ಇದು ನನಗೆ ಗೊತ್ತು. ಯಾರಿಗೆ ಎಂದು ಕೇಳಿದೆ.

ಮಗಳಿಗೆ ಅಂದರು. ಗಂಡನ ಮನೆಯಿಂದ ಮೂರು ವರ್ಷದ ಹಿಂದೆಯೇ ಬಂದುಬಿಟ್ಟಿದ್ದಳಂತೆ, ಒಳಗಿನ ಕೋಣೆಯಲ್ಲೇ ಕೂತು ಕಾಜಾ, ಗುಂಡಿ ಮಾಡುತ್ತಿದ್ದಳಂತೆ. ಬಲಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ, ಬೆರಳಲ್ಲಿ ಹಿಡಿತವಿಲ್ಲ. ಈಗ ಮತ್ತೆ ಬಟ್ಟೆ ಕತ್ತರಿಸುತ್ತೇನೆ ಎನ್ನುತ್ತಿದ್ದಾಳೆ.

ಏನಾಯಿತು ಎಂದು ನಾನು ಕೇಳಬಾರದಿತ್ತು. ಕೇಳಿದೆ.

“ಅಳಿಯ ಬಹಳ ಮೆತ್ತಗೆ ಮಾತಾಡ್ತಿದ್ದ” ಅಂದರು ಆಕೆ. “ಆಫೀಸಿನಲ್ಲಿ ಕೆಲಸ. ವಿಚಾರಿಸಿದ ಕಡೆಯೆಲ್ಲ ಒಳ್ಳೆಯವನು ಅಂದ್ರು. ಯಾರೂ ಅವನಿಗೆ ಯಾವ ಹೆಸರೂ ಇಟ್ಟಿರಲಿಲ್ಲ.”

ವೆಲ್ಡಿಂಗ್ ಮಿಷನ್ನು ಆರಿಸಿ, ಬಣ್ಣದ ಡಬ್ಬಿಗಳನ್ನು ಒಂದೊಂದಾಗಿ ಇಳಿಸಿ, ಅಡಿಗಲ್ಲನ್ನು ತೋರಿಸಿ, ಆಕೆಗೆ ಎಲ್ಲವನ್ನೂ ಹೇಳಿದೆ. ಎಲ್ಲಿ ಕೈ ಊರಿದ್ದೆ, ಯಾವ ಕಥೆ ಹೇಳುತ್ತಿದ್ದೆ, ಹೇಗೆ ತಟ್ಟಿದೆ, ಅವನು ಹೇಗೆ ತಿರುಚಿದ. ಆಕೆ ಕೊನೆಯವರೆಗೂ ನಿಂತೇ ಕೇಳಿದರು. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಮೇಜು ಹಿಡಿದು ನಿಧಾನವಾಗಿ ಕೂತರು.

“ನಾನು ನಿಮ್ಮ ಹತ್ರ ಒಂದೇ ಮಾತು ಕೇಳಿದ್ದೆ” ಅಂದರು. ಚೀಲ ಎತ್ತಿಕೊಂಡು ಹೊರಟರು. ರಟ್ಟಿನ ಕತ್ತರಿ ಮೇಜಿನ ಮೇಲೆಯೇ ಇತ್ತು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಬಟ್ಟೆ ಮಡಿಸುತ್ತಿದ್ದಳು, ಮಡಿಸುವುದನ್ನು ನಿಲ್ಲಿಸಲಿಲ್ಲ. ನನ್ನ ಒಂದು ಅಂಗಿಯನ್ನು ನಾಲ್ಕು ಸಲ ಬಿಚ್ಚಿ ನಾಲ್ಕು ಸಲ ಮಡಿಸಿದಳು. ಆಮೇಲೆ ತನ್ನ ಬಲ ಅಂಗೈಯನ್ನು ನೋಡಿಕೊಂಡು ಹೇಳಿದಳು, “ನೀವು ಸುಮ್ಮನಿದ್ದು ನನ್ನ ಕೈಲಿ ಅವನನ್ನ ಹೊಡಿಸಿದ್ರಿ.” ಅಂದಿನಿಂದ ಅವಳು ನನ್ನೊಡನೆ ಅಗತ್ಯಕ್ಕೆ ತಕ್ಕಷ್ಟೇ ಮಾತಾಡುತ್ತಾಳೆ. ಅದು ಸರಿ ಕೂಡ.

ಮರುದಿನ ಗಾಜಿನ ಅಂಗಡಿಗೆ ಹೋದೆ. ಹೊಡಿಬಡಿ ಉದ್ದನೆಯ ಮೇಜಿನ ಮುಂದೆ ಒಂದು ಗಾಜಿನ ಮೇಲೆ ಗೀರು ಎಳೆಯುತ್ತಿದ್ದ. ಕನ್ನಡಕ ಬಂದಿತ್ತು, ಕೂದಲು ಹಿಂದೆ ಸರಿದಿತ್ತು. ಗೀರಿನ ಕೆಳಗೆ ಬೆರಳಿನ ಗೆಣ್ಣಿನಿಂದ ಎರಡು ಸಲ ಮೆಲ್ಲಗೆ ತಟ್ಟಿದ, ಗಾಜು ಗೆರೆ ಹಿಡಿದು ಬೇರೆಯಾಯಿತು. ಅದನ್ನು ಎತ್ತಿ ಪಕ್ಕಕ್ಕೆ ಇಡುವವರೆಗೆ ಕಾದು ಹೇಳಿದೆ, “ಆವತ್ತು ತಟ್ಟಿದ್ದು ನಾನು. ನಿನ್ನ ಗುರಿ ತಪ್ಪಿರಲಿಲ್ಲ.”

“ಗೊತ್ತು ಭಾವ” ಅಂದ. “ತಟ್ಟಿದ್ದು ಕೇಳಿಸ್ಕೊಂಡೇ ಅಲ್ವಾ ನಾನು ಹೊಡೆದದ್ದು?”

“ಮತ್ತೆ ಯಾಕೆ ಹೇಳಲಿಲ್ಲ? ನಿನ್ನ ಅಕ್ಕ ಹೊಡೆದಾಗ? ಆ ಅಮ್ಮ ಬಂದು ಕೇಳಿದಾಗ ನೀನು ಅಲ್ಲೇ ಇದ್ಯಲ್ಲೋ.”

ಅವನು ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದ. ಸಿಟ್ಟು ಬಂದಿದೆಯೋ ಎಂದು ಮುಖ ನೋಡಿದೆ. ಸಿಟ್ಟು ಇರಲಿಲ್ಲ.

“ನೀವು ಹೇಳ್ತೀರ ಅಂತ ಕಾದೆ” ಅಂದ. “ನೀವು ತಟ್ಟದೆ ನಾನು ಯಾವತ್ತು ಹೊಡ್ದಿದೀನಿ?”

ಗಾಜಿನ ಅಂಗಡಿಯಲ್ಲಿ ಎತ್ತ ತಿರುಗಿದರೂ ನನ್ನ ಮುಖವೇ ಕಾಣುತ್ತಿತ್ತು. ಕ್ಷಮಿಸು ಎನ್ನಲು ಬಾಯಿ ಬರಲಿಲ್ಲ. ಹನ್ನೆರಡು ವರ್ಷ ತಡವಾಗಿ ಬಂದವನು ಆ ಪದ ಕೇಳುವುದೂ ಒಂದು ಭಂಡತನವೇ. ಜೇಬಿನಿಂದ ರಟ್ಟು ತೆಗೆದು ಮೇಜಿನ ಮೇಲಿಟ್ಟೆ, ಯಾರಿಗೆ, ಯಾಕೆ ಎಂದು ಹೇಳಿದೆ. ನನ್ನ ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ ಅಂದೆ. ಅವನು ರಟ್ಟನ್ನು ಬೆಳಕಿಗೆ ಹಿಡಿದು, ಎರಡೂ ಕಡೆ ತಿರುಗಿಸಿ, ಬಹಳ ಹೊತ್ತು ನೋಡಿದ. ಆಮೇಲೆ, ಹಾಗಾದರೆ ಅಲಗುಗಳನ್ನು ಅದಲುಬದಲು ಕೂರಿಸಬೇಕಲ್ಲ ಎಂದು ಕೇಳಿದ. ಭಾನುವಾರ ಬರುತ್ತೇನೆ ಅಂದ.

ಭಾನುವಾರ ಬೆಳಿಗ್ಗೆ ಅಂಗಡಿ ಗುಡಿಸಿ ಇದ್ದಿಲು ಹೊತ್ತಿಸಿದೆ. ಹಳೆಯ ಲಾರಿಯೊಂದರ ಸ್ಪ್ರಿಂಗ್ ಪಟ್ಟಿಯನ್ನು ಅಲಗಿಗೆಂದು ತೆಗೆದಿಟ್ಟಿದ್ದೆ. ಅವನು ಬಂದು ಮೂಲೆಯಲ್ಲಿದ್ದ ಸಮ್ಮಟಿಗೆಯ ಹಿಡಿ ಒರೆಸಿ, ಕೈಯಲ್ಲಿ ಒಮ್ಮೆ ತೂಗಿ ನೋಡಿ, ತನ್ನ ಹಳೆಯ ಜಾಗದಲ್ಲಿ ನಿಂತ. ನಾನು ಮೂರು ಬೆರಳಲ್ಲಿ ಇಕ್ಕಳ ಹಿಡಿದು, ಹಿಡಿತ ಜಾರದಂತೆ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡೆ. ಪಟ್ಟಿ ಕೆಂಪಗೆ ಕಾದಿತ್ತು. ಅಡಿಗಲ್ಲಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿದೆ. ಸಮ್ಮಟಿಗೆ ಮೇಲಕ್ಕೆ ಹೋಯಿತು. ಬೀಳಲಿಲ್ಲ.

ಕೇಳಿಸಲಿಲ್ಲವೇನೋ ಎಂದು ಮತ್ತೊಮ್ಮೆ, ಬಿಗಿಯಾಗಿ ತಟ್ಟಿದೆ. ಸಮ್ಮಟಿಗೆ ಅವನ ತಲೆಯ ಮೇಲೆ ಹಾಗೇ ನಿಂತಿತ್ತು. ಅವನು ಕಬ್ಬಿಣ ನೋಡುತ್ತಿರಲಿಲ್ಲ. ಮೊದಲು ನನ್ನ ಎಡಗೈ ಎಲ್ಲಿದೆ ಎಂದು ನೋಡಿದ, ಆಮೇಲೆ ನನ್ನ ಮುಖ ನೋಡಿದ.

“ಹೊಡೀಲಾ ಭಾವ?” ಅಂದ.

ಏಳು ವರ್ಷ ಎದುರಿಗೆ ನಿಂತು ಕೆಲಸ ಮಾಡಿದವನು ಒಂದು ದಿನವೂ ಹಾಗೆ ಕೇಳಿರಲಿಲ್ಲ. ಪಟ್ಟಿ ಕೆಂಪು ಬಿಟ್ಟು ಕಪ್ಪಾಗುತ್ತಿತ್ತು. ನಾನು ಹೊಡಿ ಅಂದೆ. ಏಟು ತಟ್ಟಿದ ಜಾಗಕ್ಕೇ ಬಿತ್ತು, ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ಮತ್ತೆ ಸಮ್ಮಟಿಗೆ ಎತ್ತಿದ. ಮತ್ತೆ ತಟ್ಟಿದೆ. ಮತ್ತೆ, “ಹೊಡೀಲಾ ಭಾವ?”

ಎಂಟು ಸಲ ಕಾಯಿಸಬೇಕಾಯಿತು. ಆ ಕತ್ತರಿಗೆ ಎಷ್ಟು ಏಟು ಬಿತ್ತೋ ಅಷ್ಟೂ ಸಲ ಅವನು ಕೇಳಿದ, ಅಷ್ಟೂ ಸಲ ನಾನು ಬಾಯಿಬಿಟ್ಟು ಹೇಳಿದೆ.